‘ಹಾಗಾಗಿದ್ದರೆ’ ಎಂಬ ಪಾಠ



ಕಳೆದ ಆಟಿಯ ಮಳೆಗೆ ನಮ್ಮ ಶಾಲೆಯ ಆಟದ ಬಯಲು ಕೆರೆಯಂತಾಗಿತ್ತು. ಕೊನೆಯ ಪಿರಿಯಡಿನಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಸುಮ್ಮನೆ ಕೂರಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ಕಪಾಟಿನಲ್ಲಿದ್ದ ಒಂದು ಪೆಟ್ಟಿಗೆ ನಮ್ಮ ನೆನಪಿಗೆ ಬಂತು. ಗಲ್ಫಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಬಂದಾಗ, “ಮಕ್ಕಳಿಗಾಗಲಿ” ಎಂದು ಕೊಟ್ಟು ಹೋದುದು ಅದು. ಒಳಗೆ ಬಿಡಿಬಿಡಿಯಾದ ಪ್ಲಾಸ್ಟಿಕ್ ತುಂಡುಗಳಿದ್ದವು. ಜೋಡಿಸಿದರೆ ರೋಟೋಡೈನ್ ಎಂಬ ಬ್ರಿಟಿಷ್ ವಾಹನದ ಪ್ರತಿಕೃತಿಯಾಗುತ್ತದೆ. ಪ್ರಮಾಣ ಎಪ್ಪತ್ತೆರಡರಲ್ಲಿ ಒಂದು ಪಾಲು. ಏರ್‌ಫಿಕ್ಸ್ ಕಂಪೆನಿಯವರು 1959ರಲ್ಲಿ ಮೊದಲು ಹೊರತಂದ ಮಾದರಿ ಇದು.

ರೋಟೋಡೈನ್ ಅರ್ಧ ಹೆಲಿಕಾಪ್ಟರು, ಅರ್ಧ ವಿಮಾನ. ನೆತ್ತಿಯ ಮೇಲೆ ನಾಲ್ಕು ಅಲಗುಗಳ ದೊಡ್ಡ ರೋಟರು. ಪಕ್ಕಗಳಲ್ಲಿ ಗಿಡ್ಡ ರೆಕ್ಕೆ, ಅದರಲ್ಲಿ ಎರಡು ಎಂಜಿನುಗಳು, ಮುಂದೆ ಪ್ರೊಪೆಲ್ಲರುಗಳು. ಮೇಲೇರುವಾಗ ಎಂಜಿನುಗಳಿಂದ ಒತ್ತಿದ ಗಾಳಿಯನ್ನು ಅಲಗುಗಳ ತುದಿಯವರೆಗೆ ಒಯ್ದು, ಅಲ್ಲಿ ಇಂಧನದೊಡನೆ ಉರಿಸಿ ರೋಟರನ್ನು ತಿರುಗಿಸುತ್ತಿದ್ದರು. ಎತ್ತರಕ್ಕೆ ಹೋದ ಮೇಲೆ ಆ ಉರಿಯನ್ನು ನಿಲ್ಲಿಸಿದರೆ ಪ್ರೊಪೆಲ್ಲರುಗಳು ಮುಂದಕ್ಕೆ ಎಳೆಯುತ್ತಿದ್ದವು, ರೋಟರು ಗಾಳಿಯ ಬಲದಿಂದ ತಾನಾಗಿಯೇ ತಿರುಗುತ್ತಿತ್ತು. 1957ರ ನವೆಂಬರ್ 6ರಂದು ಅದು ಮೊದಲ ಬಾರಿಗೆ ಹಾರಿತು. 1959ರ ಜನವರಿ 5ರಂದು ನೂರು ಕಿಲೋಮೀಟರಿನ ಸುತ್ತುಹಾದಿಯಲ್ಲಿ ಗಂಟೆಗೆ 307 ಕಿ.ಮೀ. ವೇಗದ ದಾಖಲೆಯನ್ನೂ ಸ್ಥಾಪಿಸಿತು. ಆದರೆ ಅಲಗಿನ ತುದಿಯ ಉರಿಯ ಆರ್ಭಟ ಪೇಟೆಗಳ ನಡುವೆ ಇಳಿಯಬೇಕಾದ ವಾಹನಕ್ಕೆ ಶತ್ರುವಾಯಿತು. ವೆಚ್ಚ ಏರಿತು. ತಯಾರಿಸಿದ ಫೇರಿ ಕಂಪೆನಿಯ ವಿಮಾನ ವಿಭಾಗ 1960ರಲ್ಲಿ ವೆಸ್ಟ್‌ಲೆಂಡ್ ಕಂಪೆನಿಯ ಪಾಲಾಯಿತು. ಖಚಿತವಾಗಿ ಕೊಳ್ಳುವವರಿಲ್ಲದೆ 1962ರ ಫೆಬ್ರವರಿಯಲ್ಲಿ ಯೋಜನೆಯನ್ನು ಕೈಬಿಡಲಾಯಿತು. ನಿರ್ಮಾಣವಾದ ಒಂದೇ ಒಂದು ರೋಟೋಡೈನನ್ನು ಒಡೆದುಹಾಕಿದರು.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗನೊಬ್ಬ ಎದ್ದು ನಿಂತ. “ಮಾಸ್ಟ್ರೇ, ಅದನ್ನು ಸೈನ್ಯದವರು ತೆಗೆದುಕೊಂಡಿದ್ದರೆ? ನಾವು ಸೈನ್ಯದ್ದನ್ನೇ ಮಾಡುವ!”

ನಾವು ಕ್ಷಣಕಾಲ ಹಿಂದೆಮುಂದೆ ನೋಡಿದೆವು. ಶಾಲೆಯಲ್ಲಿ ಯುದ್ಧದ ಆಟಿಕೆ ಏಕೆಂಬುದು ಒಂದು ಅಳುಕು; ಇಲ್ಲದ ಚರಿತ್ರೆಯನ್ನು ನಾವೇ ಕಲಿಸಿದಂತಾಗುವುದಿಲ್ಲವೆ ಎಂಬುದು ಇನ್ನೊಂದು. ಆದರೆ ಬ್ರಿಟಿಷ್ ವಾಯುಪಡೆಗೆ ಇದನ್ನು ಕೊಳ್ಳುವ ಆಲೋಚನೆ ಇದ್ದುದು ನಿಜ. ಆದುದರಿಂದ ಒಂದು ಷರತ್ತಿನ ಮೇಲೆ ಒಪ್ಪಿದೆವು: ನಡೆದುದರಲ್ಲಿ ಒಂದೇ ಒಂದು ಸಂಗತಿಯನ್ನು ಬದಲಾಯಿಸಬಹುದು, ಅದು 1962ರ ತೀರ್ಮಾನ. ಉಳಿದುದೆಲ್ಲವೂ ಕಾರಣ ಹಿಡಿದೇ ಬರಬೇಕು. ಸ್ಥಳವನ್ನು ಬೋರ್ನಿಯೊ ಎಂದು ನಿಶ್ಚಯಿಸಿದೆವು. ಅಲ್ಲಿ 1963ರಿಂದ 1966ರವರೆಗೆ ಇಂಡೋನೇಷ್ಯಾದೊಡನೆ ನಡೆದ ಘರ್ಷಣೆಯಲ್ಲಿ ಬ್ರಿಟಿಷರು ಕಾಡಿನ ಠಾಣೆಗಳಿಗೆ ಜನರನ್ನೂ ಸಾಮಾನನ್ನೂ ಹೆಲಿಕಾಪ್ಟರುಗಳಲ್ಲಿ ಸಾಗಿಸಿದ್ದರು.

ಕೆಲಸ ಮೂರು ವಾರ ಹಿಡಿಯಿತು. ತುಂಡುಗಳನ್ನು ಚೌಕಟ್ಟಿನಿಂದ ಬ್ಲೇಡಿನಿಂದ ಬಿಡಿಸಿ, ಅಂಚುಗಳನ್ನು ತಿಕ್ಕಿ, ಅಂಟು ಹಚ್ಚುವ ಮೊದಲು ಒಮ್ಮೆ ಒಣಗಿಯೇ ಜೋಡಿಸಿ ನೋಡುವುದನ್ನು ಮಕ್ಕಳು ಬೇಗನೆ ಕಲಿತರು. ಬಾಲದ ಭಾರಕ್ಕೆ ಹಿಂದಕ್ಕೆ ಕುಕ್ಕರಿಸದಂತೆ ಮೂಗಿನೊಳಗೆ ಎರಡು ನಾಣ್ಯಗಳನ್ನಿಟ್ಟರು. ಪ್ರಯಾಣಿಕರ ಕಿಟಿಕಿಗಳಲ್ಲಿ ಕೆಲವನ್ನು ಪುಟ್ಟಿಯಿಂದ ಮುಚ್ಚಿ, ಗಾಢ ಹಸಿರು ಮತ್ತು ಮಣ್ಣಿನ ಬಣ್ಣ ಬಳಿದರು. ಮಳೆಯ ಥಂಡಿಗೆ ಬಣ್ಣ ಒಣಗಲು ಒಂದೊಂದು ಪದರಕ್ಕೆ ಎರಡೆರಡು ದಿನ ಬೇಕಾಯಿತು. ನಿಂತ ಹೆಲಿಕಾಪ್ಟರಿನ ಅಲಗುಗಳು ಸ್ವಂತ ಭಾರಕ್ಕೆ ಬಾಗಿರುತ್ತವೆ, ಆದುದರಿಂದ ಬಿಸಿನೀರಿನಲ್ಲಿ ಅದ್ದಿ ಮೆಲ್ಲನೆ ಬಗ್ಗಿಸಬೇಕೆಂದು ಉಪದೇಶಿಸಿದವರು ನಾವು. ಒಂದು ಅಲಗನ್ನು ಮುರಿದವರೂ ನಾವೇ. ಮಕ್ಕಳು ನಗಲಿಲ್ಲ. ಒಳಗಿನಿಂದ ಪಟ್ಟಿ ಕೊಟ್ಟು ಅಂಟಿಸಿದರು.

ಬಂದೂಕು ಬೇಕೆಂದು ಇಬ್ಬರು ಹಟ ಹಿಡಿದರು. “ಸಾಗಿಸುವ ವಾಹನಕ್ಕೆ ಅದರ ಕಾರಣವೇನು?” ಎಂದು ಕೇಳಿದೆವು. ಉತ್ತರ ಬರಲಿಲ್ಲ. ಹುಡುಗಿಯೊಬ್ಬಳು, “ಗಾಯವಾದವರನ್ನು ಮಲಗಿಸಲು ಜಾಗ ಇರಲಿ” ಎಂದಳು. ಅದಕ್ಕೆ ಕಾರಣವಿತ್ತು. ಬೆಂಕಿಪೆಟ್ಟಿಗೆಯ ಕಾಗದದಿಂದ ನಾಲ್ಕು ಡೋಲಿಗಳು ತಯಾರಾದವು.

ನಿಜವಾದ ಪಾಠ ಆರಂಭವಾದುದು ಮಳೆ ಬಿಟ್ಟ ಒಂದು ಮಧ್ಯಾಹ್ನ. ಪ್ರತಿಕೃತಿಯ ರೋಟರಿನ ಅಗಲ 38 ಸೆಂಟಿಮೀಟರು. ನಿಜವಾದುದರ ಅಗಲ 27.4 ಮೀಟರು. ಹಗ್ಗದ ಒಂದು ತುದಿಯನ್ನು ಬಯಲಿನ ನಡುವೆ ಗೂಟಕ್ಕೆ ಕಟ್ಟಿ ಮಕ್ಕಳು ವೃತ್ತ ಎಳೆದರು. ಅದು ಒಂದು ಕಡೆ ಧ್ವಜಸ್ತಂಭಕ್ಕೂ ಇನ್ನೊಂದು ಕಡೆ ಪಾಗಾರಕ್ಕೂ ತಾಗಿತು. ಎಲ್ಲರೂ ಮೌನವಾದರು. “ಇಷ್ಟು ಜಾಗಕ್ಕೆ ಕಾಡಿನಲ್ಲಿ ಎಷ್ಟು ಮರ ಕಡಿಯಬೇಕು ಮಾಸ್ಟ್ರೇ?” ಎಂದು ಒಬ್ಬ ಕೇಳಿದ. “ವಿಮಾನ ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗಲಿ” ಎಂದ ಇನ್ನೊಬ್ಬ. “ಹಾಗಾದರೆ ಸಾಧಾರಣ ವಿಮಾನವೇ ಸಾಕಲ್ಲ!” ಎಂದ ಮೂರನೆಯವ. “ಇಳಿಯುವಾಗ ಆ ಶಬ್ದ ವೈರಿಗೆ ಕೇಳುವುದಿಲ್ಲವೋ?” ಎಂದಳು ಡೋಲಿಯ ಹುಡುಗಿ.

ಓಡುದಾರಿ ಇಲ್ಲದ, ಆದರೆ ಒಂದು ಶಾಲೆಯ ಮೈದಾನದಷ್ಟು ತೆರವಿರುವ ಸ್ಥಳಗಳಿಗೆ ಮಾತ್ರ ಇದು ಪ್ರಯೋಜನಕ್ಕೆ ಬಂದೀತೆಂದು ಕೊನೆಗೆ ಅವರೇ ತೀರ್ಮಾನಿಸಿದರು. ಅಲ್ಲಿಂದ ಮುಂದಕ್ಕೆ ಒಯ್ಯಲು ಬೋರ್ನಿಯೊದಲ್ಲಿ ನಿಜವಾಗಿ ದುಡಿದ ಬೆಲ್ವೆಡಿಯರ್, ವೆಸೆಕ್ಸ್‌ಗಳೇ ಬೇಕಾಗುತ್ತಿದ್ದವು. ಕೊಳ್ಳದವರು ದಡ್ಡರೆಂದು ಮೊದಲ ದಿನ ನಕ್ಕಿದ್ದ ಮಕ್ಕಳು ಈಗ ನಗಲಿಲ್ಲ. ಮೇಜಿನ ಮೇಲಿನ ಪ್ರತಿಕೃತಿ ಅಂದವಾಗಿತ್ತು, ಮೌನವಾಗಿತ್ತು. ನಿಜವಾದುದರ ಮುಖ್ಯ ದೋಷವಾದ ಶಬ್ದವನ್ನು ಪ್ಲಾಸ್ಟಿಕ್ ತೋರಿಸಲಾರದು. ಅದನ್ನು ತೋರಿಸಿದುದು ಪ್ರಶ್ನೆ.

ಶಾಲೆಯ ವಸ್ತುಪ್ರದರ್ಶನದಲ್ಲಿ ಅದನ್ನು ಇಟ್ಟೆವು. ಮರುವಾರ ಐದನೆಯ ತರಗತಿಯ ಪುಸ್ತಕಗಳನ್ನು ತಿದ್ದುತ್ತಿರುವಾಗ ಒಂದರಲ್ಲಿ ಮುದ್ದಾದ ಅಕ್ಷರಗಳಲ್ಲಿ, “1964ರಲ್ಲಿ ಬೋರ್ನಿಯೊದಲ್ಲಿ ರೋಟೋಡೈನ್ ಹಾರಿತು” ಎಂದು ಬರೆದಿತ್ತು. ನಮ್ಮ ಕೈಯ ಕೆಂಪು ಪೆನ್ನು ನಿಂತಿತು. ತಪ್ಪು ಮಗುವಿನದಲ್ಲ, ಫಲಕವಿಡದ ನಮ್ಮದು. ಈಗ ಅದರ ಕೆಳಗೆ ಮಕ್ಕಳೇ ಬರೆದ ಫಲಕವಿದೆ: “ಇದು ನಡೆದುದಲ್ಲ. ನಡೆಯದಿದ್ದುದಕ್ಕೆ ಕಾರಣಗಳು ಹೀಗಿವೆ.”

‘ಹಾಗಾಗಿದ್ದರೆ’ ಎಂಬ ಮಾತು ಗಡಿನಾಡಿನ ಮನೆಗಳ ಜಗಲಿಗೆ ಹೊಸತಲ್ಲ. 1956ರ ರಾಜ್ಯ ವಿಂಗಡಣೆಯ ಬಳಿಕ ನಮ್ಮ ಹಿರಿಯರ ನಿಟ್ಟುಸಿರಿನಲ್ಲಿ ಅದನ್ನು ಕೇಳುತ್ತಲೇ ಬೆಳೆದವರು ನಾವು. ಹಾಗೆ ಕಲ್ಪಿಸುವುದು ದೋಷವಲ್ಲ. ಆದರೆ ‘ಹೀಗೇಕಾಯಿತು’ ಎಂದು ಮೊದಲು ಕೇಳದವನ ‘ಹಾಗಾಗಿದ್ದರೆ’ ಬರಿಯ ಹಂಬಲವಾಗಿ ಉಳಿಯುತ್ತದೆ. ಮನೆಯಲ್ಲಿ ಮಕ್ಕಳು ಆ ಪ್ರಶ್ನೆಯನ್ನೆತ್ತಿದಾಗ ಗದರಿಸಬೇಡಿ; ಒಂದು ಹಗ್ಗ ಕೊಟ್ಟು ಅಂಗಳಕ್ಕೆ ಕಳುಹಿಸಿ, ಅಳೆದು ನೋಡಲಿ.