ನವಿಲು ಕಣ್ಣೀರಿನಿಂದ ಮರಿ ಮಾಡುತ್ತದೆಯೇ? ಬಂಕಾಪುರಕ್ಕೆ ಮಗುವನ್ನು ಕರೆದೊಯ್ಯುವ ಮುನ್ನ ಓದಿ

ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಹಳೆಯ ಕೋಟೆಯೊಳಗೆ 139 ಎಕರೆಯ ನವಿಲುಧಾಮವಿದೆ. 2006ರಲ್ಲಿ ಘೋಷಣೆಯಾದದ್ದು. ಖಿಲಾರಿ ದನಗಳ ತಳಿ ಕೇಂದ್ರ, ನಗರೇಶ್ವರ ಗುಡಿ ಇರುವುದೂ ಇದೇ ಕೋಟೆಯಲ್ಲಿ. ನವಿಲುಗಳು ಪೊದೆ, ಮರಗಳ ನಡುವೆ ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತವೆ. ಮಗು ಅಲ್ಲಿ ನೂರು ಪ್ರಶ್ನೆ ಕೇಳುತ್ತದೆ. ನಾವು ಕೊಡುವ ಉತ್ತರಗಳಲ್ಲಿ ಎಷ್ಟೋ ವಾಟ್ಸಾಪ್‌ನಿಂದ ಬಂದವು.

ಮೊದಲು ಒಂದು ಕಿವಿಮಾತು. ದಸರಾ ರಜೆಯಲ್ಲಿ ಹೋದರೆ "ಗಂಡು ನವಿಲು ಎಲ್ಲಿ?" ಎಂದು ಮಗು ಮುಖ ಸಪ್ಪಗೆ ಮಾಡಬಹುದು. ಗಂಡು ಅಲ್ಲೇ ಇರುತ್ತದೆ, ಉದ್ದನೆಯ ಗರಿ ಇರುವುದಿಲ್ಲ ಅಷ್ಟೇ. ಸಂತಾನದ ಕಾಲ ಮುಗಿದು ಮಳೆಗಾಲ ಇಳಿಯುತ್ತಿದ್ದಂತೆ ಆ ಗರಿಗಳೆಲ್ಲ ಉದುರಿ, ಮುಂದಿನ ಬೇಸಿಗೆಯ ಹೊತ್ತಿಗೆ ಮತ್ತೆ ಬೆಳೆಯುತ್ತವೆ. ಗರಿ ಬಿಚ್ಚಿ ಕುಣಿಯುವುದನ್ನು ತೋರಿಸಬೇಕೆಂದರೆ ಮುಂಗಾರಿನ ಆಸುಪಾಸು, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಹೋಗಿ.

ಕಣ್ಣೀರಿನ ಕಥೆ

"ಗಂಡು ನವಿಲು ಬ್ರಹ್ಮಚಾರಿ. ಅದರ ಕಣ್ಣೀರು ಕುಡಿದು ಹೆಣ್ಣು ಗರ್ಭ ಧರಿಸುತ್ತದೆ." ಈ ಮಾತು ಬಹಳ ಹಳೆಯದು. 2017ರ ಮೇ ತಿಂಗಳಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಮಾಧ್ಯಮದವರ ಮುಂದೆ ಇದನ್ನೇ ಹೇಳಿದ ಮೇಲೆ ದೇಶವೆಲ್ಲ ಸುತ್ತಿತು. ದೊಡ್ಡವರು ಹೇಳಿದರು ಎನ್ನುವುದೇ ಫಾರ್ವರ್ಡ್‌ಗೆ ಸಾಕ್ಷಿಯಾಯಿತು.

ಇದು ಸುಳ್ಳು. ನವಿಲು ಕೋಳಿಯ ಕುಟುಂಬಕ್ಕೇ ಸೇರಿದ ಹಕ್ಕಿ. ಹುಂಜ, ಹೇಂಟೆ ಕೂಡುವ ಹಾಗೆಯೇ ನವಿಲುಗಳೂ ಕೂಡುತ್ತವೆ. ಗಂಡು ಹೆಣ್ಣಿನ ಬೆನ್ನೇರುತ್ತದೆ, ಎರಡರ ಬಾಲದ ಬುಡದ ರಂಧ್ರಗಳು ತಾಕುತ್ತವೆ, ವೀರ್ಯ ದಾಟುತ್ತದೆ. ಕೆಲವೇ ಸೆಕೆಂಡುಗಳ ಕೆಲಸ, ಅದೂ ಹೆಚ್ಚಾಗಿ ಜನರ ಕಣ್ಣಿಗೆ ಬೀಳದ ಕಡೆ. ನೋಡಿದವರು ಕಡಿಮೆ ಇದ್ದಲ್ಲಿ ಕಥೆ ಹುಟ್ಟುವುದು ಸಹಜ. ಕಣ್ಣೀರಿನಲ್ಲಿ ವೀರ್ಯ ಇರುವುದಿಲ್ಲ. ಕುಡಿದರೂ ಅದು ಸೇರುವುದು ಹೊಟ್ಟೆಗೆ, ಮೊಟ್ಟೆ ಬೆಳೆಯುವ ಜಾಗಕ್ಕಲ್ಲ.

ಇನ್ನು ಆ ಕುಣಿತ. ಮಳೆ ಕರೆಯುವುದಕ್ಕಲ್ಲ, ಹೆಣ್ಣನ್ನು ಒಲಿಸುವುದಕ್ಕೆ. ಗಂಡು ತನ್ನ ಗರಿಗಳನ್ನು ಸೆಕೆಂಡಿಗೆ ಸುಮಾರು 25 ಸಲ ಅದುರಿಸುತ್ತದೆ. ಆದರೂ ಗರಿಯ ಕಣ್ಣುಗಳು ಅಲುಗದೆ ನಿಂತಂತೆ ಕಾಣುತ್ತವೆ! ಆಮೇಲೆ ಮೊಟ್ಟೆಯ ಮೇಲೆ ಸುಮಾರು 28 ದಿನ ಕಾವು ಕೂರುವುದು ಹೆಣ್ಣೊಂದೇ, ಗಂಡು ಆ ಕಡೆ ತಲೆಯೂ ಹಾಕುವುದಿಲ್ಲ. ನಾಲ್ಕೈದು ವರ್ಷದ ಮಗುವಿಗೆ "ಕೋಳಿಯ ಹಾಗೆ ಇದಕ್ಕೂ ಅಪ್ಪ, ಅಮ್ಮ ಇರುತ್ತಾರೆ, ಅಮ್ಮ ಮೊಟ್ಟೆ ಇಡುತ್ತಾಳೆ" ಎಂದರೆ ಸಾಕು. ಮುಜುಗರ ಮಗುವಿಗಲ್ಲ, ನಮಗೆ.

ಪುಸ್ತಕದೊಳಗಿನ ಗರಿ

ಗರಿಯನ್ನು ಪುಸ್ತಕದಲ್ಲಿಟ್ಟು, ಪೆನ್ಸಿಲ್ ಹೆರೆದ ಚೂರು ಹಾಕಿದರೆ ಮರಿ ಹಾಕುತ್ತದೆ ಎಂದು ನಮ್ಮಲ್ಲಿ ಕೇಳದವರಿಲ್ಲ. ಗರಿ ನಮ್ಮ ಉಗುರಿನಂತೆ ನಿರ್ಜೀವ. ಪುಟಗಳ ನಡುವೆ ಎಳೆಗಳು ಕಳಚಿ ಬೀಳುತ್ತವೆ, ಅವೇ "ಮರಿಗಳು". ಇದು ನಿರುಪದ್ರವಿ ಆಟ, ಅಳಿಸಿಹಾಕಬೇಕು ಎಂದು ನನಗೇನೂ ಅನಿಸುವುದಿಲ್ಲ. ಅದರ ಜೊತೆಗೆ ಇನ್ನೊಂದು ಆಟ ಸೇರಿಸಿ: ಗರಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಹಿಂದಿನಿಂದ ನೋಡಿ. ನೀಲಿ, ಹಸಿರು ಮಾಯವಾಗಿ ಕಂದು ಉಳಿಯುತ್ತದೆ. ಆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯೊಳಗಿನ ಅತಿಸೂಕ್ಷ್ಮ ಜೋಡಣೆಯಿಂದ ಬೆಳಕು ಪ್ರತಿಫಲಿಸಿ ಬಂದದ್ದು.

ಆದರೆ "ಮನೆಯಲ್ಲಿ ನವಿಲುಗರಿ ಇದ್ದರೆ ಹಲ್ಲಿ ಬರುವುದಿಲ್ಲ, ಅದೃಷ್ಟ ಬರುತ್ತದೆ" ಎಂಬ ಫಾರ್ವರ್ಡ್ ಅಷ್ಟು ನಿರುಪದ್ರವಿಯಲ್ಲ. ಅದು ಗರಿಗೆ ಬೇಡಿಕೆ ಹೆಚ್ಚಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು ಮೊದಲ ಪರಿಚ್ಛೇದದ ಪ್ರಾಣಿ, ಕೊಂದರೆ 3ರಿಂದ 7 ವರ್ಷ ಜೈಲು. ತಾನಾಗಿ ಉದುರಿದ ಗರಿಯನ್ನು ದೇಶದೊಳಗೆ ಮಾರಲು ಮಾತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ, ವಿದೇಶಕ್ಕೆ ಸಾಗಿಸುವಂತಿಲ್ಲ. ಈ ವಿನಾಯಿತಿಯ ಮರೆಯಲ್ಲಿ ಕಿತ್ತ ಗರಿಯೂ ಮಾರಾಟವಾಗಬಹುದು. ಕಿತ್ತ ಗರಿಯ ಬುಡದಲ್ಲಿ ರಕ್ತದ ಕಲೆ ಇರಬಹುದು. ಅದನ್ನು ಮರೆಮಾಚಲು ಬುಡವನ್ನೇ ಕತ್ತರಿಸಿದರೆ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಜಾತ್ರೆಯಲ್ಲಿ ಬುಡ ಕತ್ತರಿಸಿದ ಗರಿಯ ಕಟ್ಟು ಕಂಡರೆ ಕೊಳ್ಳದೆ ಮುಂದೆ ಹೋಗಿ. ಧಾಮದೊಳಗೆ ಬಿದ್ದ ಗರಿಯನ್ನೂ ಸಿಬ್ಬಂದಿಯನ್ನು ಕೇಳದೆ ಮಗುವಿನ ಕೈಗೆ ಕೊಡಬೇಡಿ. ಚಿಪ್ಸ್ ಪೊಟ್ಟಣ ಚೀಲದಲ್ಲೇ ಇರಲಿ.