ಕುರಿಗೆ ನಿಷೇಧ, ರೋಪ್‌ವೇಗೆ ರತ್ನಗಂಬಳಿ

ಉತ್ತರಾಖಂಡದ ಚಮೋಲಿ ಜಿಲ್ಲೆಯ ಗೋವಿಂದಘಾಟ್‌ನಿಂದ ಸಿಖ್ಖರ ಯಾತ್ರಾಸ್ಥಳವಾದ ಹೇಮಕುಂಡ ಸಾಹಿಬ್‌ವರೆಗೆ 12.4 ಕಿಲೋಮೀಟರ್ ಉದ್ದದ ರೋಪ್‌ವೇ ನಿರ್ಮಿಸುವ 2,730 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಮಾರ್ಚ್ 5ರಂದು ಒಪ್ಪಿಗೆ ನೀಡಿತು. ಈ ಕುರಿತ ವಾದವಿವಾದ ಬಹುಮಟ್ಟಿಗೆ ಒಂದು ಕಡೆ ಯಾತ್ರಿಕರ ಅನುಕೂಲ, ಇನ್ನೊಂದು ಕಡೆ ಭೂಕುಸಿತದ ಭಯ ಎಂಬ ಎರಡು ದಂಡೆಗಳ ನಡುವೆಯೇ ಹರಿಯುತ್ತಿದ್ದು, ಅದಕ್ಕಿಂತ ಹಳೆಯದಾದ ಒಂದು ಪ್ರಶ್ನೆ ಬದಿಗೆ ಸರಿದಿದೆ: ಇದೇ ಬೆಟ್ಟಗಳಲ್ಲಿ ಹೂವಿನ ಹೆಸರು ಹೇಳಿ ಹಳ್ಳಿಗರ ಕುರಿಗಳನ್ನು ಹೊರಗಟ್ಟಿದ ವ್ಯವಸ್ಥೆಗೆ ಈಗ ಆ ಹೂವು ಏಕೆ ಅಡ್ಡಿಯಾಗಿ ಕಾಣುತ್ತಿಲ್ಲ?

ಹೇಮಕುಂಡದ ಸರೋವರದ ಸುತ್ತಲಿನ ಇಳಿಜಾರುಗಳು ಮರಗಳು ಬೆಳೆಯಬಲ್ಲ ಎತ್ತರದ ಗೆರೆಯನ್ನೂ ಮೀರಿದ, ಸಸ್ಯಶಾಸ್ತ್ರಜ್ಞರು ಆಲ್ಪೈನ್ ಎಂದು ಕರೆಯುವ ವಲಯಕ್ಕೆ ಸೇರಿದ್ದು, ಅಲ್ಲಿನ ಕಲ್ಲುಗಳ ಸಂದಿಯಲ್ಲಿ ನಿಜವಾದ ಬ್ರಹ್ಮಕಮಲ ಬೆಳೆಯುತ್ತದೆ. ಕರ್ನಾಟಕದ ಮನೆಯಂಗಳಗಳಲ್ಲಿ ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ, ನೆರೆಹೊರೆಯವರನ್ನು ಕರೆದು ಆರತಿ ಎತ್ತಿಸಿಕೊಳ್ಳುವ ಬ್ರಹ್ಮಕಮಲ ಇದಲ್ಲ. ಅದು ಮೆಕ್ಸಿಕೊ, ಮಧ್ಯ ಅಮೆರಿಕಗಳ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡ. ಹಿಮಾಲಯದ್ದು ಸಾಸೂರಿಯಾ ಆಬ್ವಲ್ಲೇಟಾ ಎಂಬ ಶಾಸ್ತ್ರೀಯ ಹೆಸರಿನ, ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ ಸಸ್ಯ. ಅದರಲ್ಲಿ ದಳದಂತೆ ಕಾಣುವ ತಿಳಿಹಳದಿ ಪದರಗಳು ದಳಗಳಲ್ಲ. ಅವು ಪುಷ್ಪಪತ್ರಗಳು, ಅಂದರೆ ಹೂಗೊಂಚಲನ್ನು ಸುತ್ತುವರಿದ ಎಲೆಗಳು. ಕಾಗದದಷ್ಟು ತೆಳುವಾದ ಅವು ಬೆಳಕನ್ನು ಒಳಬಿಟ್ಟು, ಚಳಿಮಳೆಯನ್ನು ಹೊರಗಿಟ್ಟು, ಒಳಗಿನ ನೇರಳೆ ಬಣ್ಣದ ಕಿರುಹೂಗಳನ್ನು ಗಾಜಿನ ಮನೆಯಂತೆ ಬೆಚ್ಚಗಿಡುತ್ತವೆ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಕಿರು ಅವಧಿಯಲ್ಲಿ ಅರಳಿ ಬೀಜ ಕಟ್ಟಬೇಕಾದ ಈ ಗಿಡವನ್ನು ಪೂಜೆಗೆಂದು ಬೀಜ ಬಲಿಯುವ ಮೊದಲೇ ಕೊಯ್ದರೆ ಆ ವರ್ಷದ ಸಂತಾನ ಅಲ್ಲಿಗೇ ನಿಲ್ಲುತ್ತದೆ. ಆ ಅವಧಿ ಯಾತ್ರೆಯ ಕಾಲದೊಳಗೇ ಬರುವುದು ಈ ಹೂವಿನ ದುರದೃಷ್ಟ.

ಹೇಮಕುಂಡಕ್ಕೆ ಹೋಗುವ ದಾರಿ ಘಾಂಘರಿಯಾದಲ್ಲಿ ಕವಲೊಡೆಯುತ್ತದೆ. ಇನ್ನೊಂದು ಕವಲು ತಲುಪುವುದು, 1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರ್ಯಾಂಕ್ ಸ್ಮೈತ್ ಹೊರಜಗತ್ತಿಗೆ ಪರಿಚಯಿಸಿದ, ಭ್ಯೂಂಡಾರ್ ಕಣಿವೆಯ ಕುರಿಗಾಹಿಗಳಿಗೆ ಅದಕ್ಕೂ ಬಹಳ ಮೊದಲೇ ಗೊತ್ತಿದ್ದ ‘ಹೂಗಳ ಕಣಿವೆ’ಯನ್ನು. 1980ರ ದಶಕದ ಆರಂಭದಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವಾಗಿಸಿ ಮೇವಿಗೆ ಬರುತ್ತಿದ್ದ ಕುರಿಗಳನ್ನು ಪೂರ್ತಿಯಾಗಿ ತಡೆಯಲಾಯಿತು; 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯೂ ಅದನ್ನು ಸೇರಿಸಿಕೊಂಡಿತು. ಮೇವು ನಿಂತ ಮೇಲೆ ಪಾಲಿಗೋನಮ್ ಎಂಬ ಆಳೆತ್ತರದ ಗಿಡ ಹಬ್ಬಿ ಸಣ್ಣ ಹೂಗಿಡಗಳನ್ನು ಮುಚ್ಚತೊಡಗಿತೆಂದು ಕೆಲವು ವಿಜ್ಞಾನಿಗಳು ಹೇಳಿದರೆ, ನಿಷೇಧಕ್ಕೂ ಅದಕ್ಕೂ ನೇರ ಸಂಬಂಧವಿಲ್ಲವೆಂದು ಇತರರು ವಾದಿಸಿದರು. ವಾದ ಏನೇ ಇರಲಿ, ಆ ಗಿಡವನ್ನು ಕೀಳಿಸಲು ಅರಣ್ಯ ಇಲಾಖೆ ಕೂಲಿ ಕೊಡಬೇಕಾಗಿ ಬಂದದ್ದಂತೂ ದಿಟ.

ಇದೇ ರಾಜ್ಯದ ಹೈಕೋರ್ಟ್ 2018ರಲ್ಲಿ ಬುಗ್ಯಾಲ್‌ಗಳಲ್ಲಿ, ಅಂದರೆ ಗಢವಾಲದವರು ಹೀಗೆ ಹೆಸರಿಟ್ಟ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿ ಪ್ರವಾಸಿಗರ ಸಂಖ್ಯೆಯನ್ನು 200ಕ್ಕೆ ಸೀಮಿತಗೊಳಿಸಲು ಆದೇಶಿಸಿತ್ತು. ಹೇಮಕುಂಡದ ರೋಪ್‌ವೇಯ ಸಾಮರ್ಥ್ಯವಾದರೋ ದಿನಕ್ಕೆ 11,000 ಜನ. ಈಗ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಯಾತ್ರಿಕರು ಬರುತ್ತಾರೆಂದು ಸರ್ಕಾರವೇ ಹೇಳುತ್ತದೆ. ಐದು ತಿಂಗಳ ಯಾತ್ರಾ ಕಾಲದಲ್ಲಿ ರೋಪ್‌ವೇ ಅರ್ಧ ಮಾತ್ರ ತುಂಬಿ ಓಡಿದರೂ ಆ ಸಂಖ್ಯೆ ಎಂಟು ಲಕ್ಷವನ್ನು ದಾಟುತ್ತದೆ. ಇದುವರೆಗೆ ಆ ಸರೋವರದ ದಂಡೆಯನ್ನು ಕಾದದ್ದು ಕಾನೂನಲ್ಲ, ಘಾಂಘರಿಯಾದಿಂದ ಮೇಲಕ್ಕೆ ಮೊಣಕಾಲು ನಡುಗಿಸುವ ಕಡಿದಾದ ಏರು. ಆ ಕಾವಲುಗಾರನನ್ನು ಕೆಲಸದಿಂದ ತೆಗೆಯುವವರು ಅವನ ಜಾಗಕ್ಕೆ ಯಾರನ್ನು ನಿಲ್ಲಿಸುತ್ತಾರೆಂಬುದನ್ನು ಹೇಳಬೇಕಾಗುತ್ತದೆ.

ರೋಪ್‌ವೇಯ ಪರವಾದ ಮಾತುಗಳಲ್ಲಿ ಹುರುಳಿಲ್ಲವೆಂದಲ್ಲ. ವೃದ್ಧರಿಗೂ ಅಂಗವಿಕಲರಿಗೂ ದರ್ಶನದ ಹಕ್ಕಿದೆ. ಸಾಲುಗಟ್ಟಿ ನಡೆಯುವ ಹೇಸರಗತ್ತೆಗಳ ಲದ್ದಿ ಮಳೆಯಲ್ಲಿ ತೊಯ್ದು ತೊರೆಗೆ ಸೇರುವುದು ಕಡಿಮೆಯಾದರೆ ಅದು ಲಾಭವೇ. ಆದರೆ ಆ ಹೇಸರಗತ್ತೆಗಳನ್ನು ನಡೆಸಿ, ಡೋಲಿ ಹೊತ್ತು, ಚಹಾದಂಗಡಿ ಇಟ್ಟು ಬದುಕುವವರಲ್ಲಿ ಹಿಂದೆ ಮೇವಿನ ಹಕ್ಕು ಕಳೆದುಕೊಂಡ ಹಳ್ಳಿಗಳವರೂ ಇದ್ದಾರೆ. ಮೊದಲ ಸಲ ಹೂವಿಗಾಗಿ ಅವರನ್ನು ಸರಿಸಲಾಯಿತು, ಎರಡನೆಯ ಸಲ ಯಾತ್ರಿಕರಿಗಾಗಿ ಸರಿಸಲಾಗುತ್ತಿದೆ. ಎರಡು ಸಲವೂ ಬೆಲೆ ತೆರುವವರು ಒಬ್ಬರೇ ಆಗಿರುವಾಗ ಇದನ್ನು ಸಂರಕ್ಷಣೆಯೆನ್ನಲೂ ಆಗದು, ಅಭಿವೃದ್ಧಿಯೆನ್ನಲೂ ಆಗದು.

ರೋಪ್‌ವೇ ಬೇಕೇ ಬೇಕೆಂದಾದರೆ ಗೋವಿಂದಘಾಟ್‌ನಿಂದ ಘಾಂಘರಿಯಾದವರೆಗಿನ 10.55 ಕಿಲೋಮೀಟರ್ ಹಂತಕ್ಕೇ ಅದನ್ನು ನಿಲ್ಲಿಸಿ, ಸರೋವರಕ್ಕೆ ಏರುವ ಉಳಿದ 1.85 ಕಿಲೋಮೀಟರ್ ಹಂತವನ್ನು ಕೈಬಿಡಬೇಕು; ನಡೆಯಲಾರದವರಿಗೆ ಈಗಿರುವಂತೆ ಡೋಲಿ ಉಳಿಯಲಿ. ಅದನ್ನೂ ಒಪ್ಪದಿದ್ದರೆ, ದಿನಕ್ಕೆ ಮೇಲೆ ಹೋಗಬಹುದಾದವರ ಗರಿಷ್ಠ ಸಂಖ್ಯೆಯನ್ನು ಆ ಇಳಿಜಾರುಗಳ ಸಸ್ಯಗಣತಿಯ ಆಧಾರದ ಮೇಲೆ ನಿಗದಿಪಡಿಸಿ, ಮೊದಲ ಕಂಬ ಏಳುವ ಮುನ್ನ ಗುತ್ತಿಗೆಯ ಕರಾರಿನಲ್ಲೇ ಬರೆಯಬೇಕು. ಸಂಪುಟ ಒಪ್ಪಿಗೆ ನೀಡಿದ ಅದೇ ಮಾರ್ಚ್ 5ರಂದು ಗೋವಿಂದಘಾಟ್‌ನಲ್ಲಿ ಗುಡ್ಡ ಕುಸಿದು, ಹೇಮಕುಂಡದ ದಾರಿಗೆ ದಾಟಿಸುತ್ತಿದ್ದ ಅಲಕನಂದೆಯ ಸೇತುವೆ ಮುರಿದುಬಿತ್ತು.