ಲೆಸ್ಟರ್ ಪತ್ರ – 19: ಸೈಲೆನ್ಸರ್ ಇರೋದು ಯಾರಿಗಾಗಿ?

ಹೋದ ವಾರ ಹಾಕಿದ್ದ ಫೋಟೋ ನೋಡಿ ಚಿಕ್ಕಮ್ಮ "ನರ್ಸ್ ಕೆಲಸ ಬಿಟ್ಟು ಗ್ಯಾರೇಜ್ ಇಟ್ಯೇನೇ?" ಅಂತ ಕೇಳಿದ್ದರು. ಇಲ್ಲ ಚಿಕ್ಕಮ್ಮ, ಕೆಲಸ ಹಾಗೇ ಇದೆ. ಹಿತ್ತಲಲ್ಲಿ ಬಿಚ್ಚಿಕೊಂಡು ಕೂತಿದ್ದು ನನ್ನ ಬೈಕಿನ ಸೈಲೆನ್ಸರ್. ಅದರ ಕತೆ ಹೇಳಿ, ಕೊನೆಗೆ ಊರಿನ ಹುಡುಗರಿಗೆ ಒಂದು ಮಾತು ಹೇಳ್ತೀನಿ. ಸಿಟ್ಟಾಗಬೇಡಿ.

ನನ್ನ ಡ್ಯೂಟಿ ಬೆಳಿಗ್ಗೆ ಏಳೂವರೆಗೆ. ಭಾನುವಾರ ಆ ಹೊತ್ತಿಗೆ ನಮ್ಮ ಕಡೆ ಬಸ್ಸಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ 650 ಸಿಸಿಯ ಹಳೇ ಬೈಕ್ ತಗೊಂಡೆ. ಹಿಂದಿನವರು ಕಂಪನಿ ಸೈಲೆನ್ಸರ್ ತೆಗೆದು ಬೇರೆ ಹಾಕಿಸಿದ್ದರು. ಗುಡುಗುಡು ಅನ್ನೋ ಸದ್ದು. ಸುಳ್ಳು ಯಾಕೆ ಹೇಳಲಿ, ನನಗೂ ಇಷ್ಟವಾಗಿತ್ತು. ಈ ಚಳಿಗಾಲದಲ್ಲಿ ಅದು ಪಟಪಟ ಅನ್ನೋಕೆ ಶುರುವಾಯ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ದಿನ ಪಕ್ಕದ ಮನೆಯ ಅಜ್ಜ ಗೇಟಿನ ಹತ್ತಿರ ನಿಲ್ಲಿಸಿದರು. ಹೆಂಡತಿಗೆ ಹುಷಾರಿಲ್ಲ, ನೋವಿಗೆ ರಾತ್ರಿಯೆಲ್ಲ ನಿದ್ದೆ ಬರಲ್ಲ, ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತುತ್ತೆ ಅಂದರು. ಅಷ್ಟು ಹೇಳಿ, ಬೈಕಿನ ಕಡೆ ನೋಡಿ, "ಸಾರಿ" ಅಂದುಬಿಟ್ಟರು. ತಪ್ಪು ನನ್ನದು, ಸಾರಿ ಕೇಳಿದ್ದು ಅವರು.

ನನಗೆ ತಲೆ ಎತ್ತೋಕಾಗಲಿಲ್ಲ. ರಾತ್ರಿ ಪಾಳಿಯಲ್ಲಿ ಯಾರಾದರೂ ಡಸ್ಟ್‌ಬಿನ್ ಮುಚ್ಚಳ ಜೋರಾಗಿ ಬಿಟ್ಟರೆ ಸಿಡುಕೋಳು ನಾನು. ವಾರ್ಡಿನಲ್ಲಿ ರಾತ್ರಿ ಸದ್ದು 30 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದರೆ ಪಿಸುಮಾತಿನಷ್ಟು. ಆಸ್ಪತ್ರೆ ಒಳಗೆ ರೋಗಿಯ ನಿದ್ದೆ ಕಾಯೋಳು, ಹೊರಗೆ ಇನ್ನೊಬ್ಬ ರೋಗಿಯ ನಿದ್ದೆ ಕೆಡಿಸಿಕೊಂಡು ಡ್ಯೂಟಿಗೆ ಹೋಗ್ತಿದ್ದೆ.

ವಿಷಯ ಏನಂದರೆ, ಇಂಥ ಸೈಲೆನ್ಸರ್ ಒಳಗೆ ತೂತು ತೂತಾದ ಒಂದು ಕೊಳವೆ ಇರುತ್ತೆ. ಅದರ ಸುತ್ತ ಗಾಜಿನ ಎಳೆಯ ಅಥವಾ ಬಸಾಲ್ಟ್ ಕಲ್ಲಿನ ಎಳೆಯ ಉಣ್ಣೆ ತುಂಬಿರ್ತಾರೆ. ಸದ್ದು ತೂತುಗಳಿಂದ ಆಚೆ ಬಂದು ಆ ಎಳೆಗಳಲ್ಲಿ ಸಿಕ್ಕಿ ಸಾಯುತ್ತೆ. ವರ್ಷಗಟ್ಟಲೆ ಬಿಸಿ ಹೊಗೆ ಹೊಡೆದು ಉಣ್ಣೆ ಸುಟ್ಟು ಪುಡಿಯಾಗಿ ಹಾರಿಹೋಗುತ್ತೆ. ಉಳಿಯೋದು ಖಾಲಿ ಡಬ್ಬ. ಹಿಂದೆಲ್ಲ ನಮ್ಮೂರಿಗೆ ಹತ್ತಿ ಹಿಂಜೋರು ಬರ್ತಿದ್ದರಲ್ಲ, ಹಳೇ ಹಾಸಿಗೆ ಬಿಚ್ಚಿ ಮತ್ತೆ ತುಂಬಿ ಹೊಲಿದು ಕೊಡ್ತಿದ್ದರು. ಇದೂ ಅದೇ ಕೆಲಸ.

ಒಂದು ರಜಾದಿನ ಮಾಡಿ ಮುಗಿಸಿದೆ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಕ್ಲ್ಯಾಂಪ್ ಸಡಿಲಿಸಿ ಸೈಲೆನ್ಸರ್ ಕಳಚಿದೆ. ತುದಿಯ ರಿವೆಟ್‌ಗಳನ್ನು ಡ್ರಿಲ್ ಮಾಡಿ, ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಮುಚ್ಚಳ ಬಿಡಿಸಿದೆ. ಒಳಗೆ ಉಳಿದಿದ್ದು ಕಪ್ಪಗಿನ ಒಂದು ಹಿಡಿ ಅಷ್ಟೇ. ಇಲ್ಲಿ ನರ್ಸ್ ಮಾತು ಕೇಳಿ: ಆ ಎಳೆ ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಉರಿ, ಉಸಿರಲ್ಲಿ ಹೋದರೆ ಕೆಮ್ಮು. ಸರಿಯಾದ ಮಾಸ್ಕ್, ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಕೆಲಸ ಬಯಲಲ್ಲೇ ಆಗಬೇಕು. ಆ ಬಟ್ಟೆ ಮಕ್ಕಳ ಬಟ್ಟೆ ಜೊತೆ ಒಗೆಯಬೇಡಿ.

ಕೊಳವೆಯ ಮಸಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೂತು ಬಿಡಿಸಿದೆ. ಮೊದಲು ಒಂದು ಸುತ್ತು ಸ್ಟೀಲ್ ಉಣ್ಣೆ, ಮೇಲೆ ಹೊಸ ಪ್ಯಾಕಿಂಗ್ ಹಾಳೆ ಸುತ್ತಿ, ಬಿಚ್ಚದ ಹಾಗೆ ಪೇಪರ್ ಟೇಪ್ ಹಾಕಿದೆ. ಟೇಪ್ ಆಮೇಲೆ ತಾನೇ ಸುಟ್ಟುಹೋಗುತ್ತೆ. ತೀರಾ ಬಿಗಿಯಾಗಿ ತುರುಕಿದರೆ ಸದ್ದು ಹೀರಲ್ಲ, ಸಡಿಲವಾದರೆ ಬೇಗ ಹಾರಿಹೋಗುತ್ತೆ. ಮನೆ ಅಟ್ಟಕ್ಕೆ ಹಾಸೋ ಗ್ಲಾಸ್ ವುಲ್ ಈ ಬಿಸಿ ತಡೆಯಲ್ಲ, ಸೈಲೆನ್ಸರಿನದ್ದೇ ತಗೊಳ್ಳಬೇಕು. ಬಿಸಿ ತಡೆಯೋ ಸೀಲೆಂಟ್ ಹಚ್ಚಿ, ಹೊಸ ರಿವೆಟ್ ಹೊಡೆದೆ. ಸಾಮಾನೆಲ್ಲ ಸೇರಿ ಮೂವತ್ತು ಪೌಂಡ್ ಒಳಗೇ ಆಯ್ತು. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಹೊಗೆ ಬಂತು, ಆಮೇಲೆ ಸದ್ದು ಇಳಿಯಿತು. ಆದರೂ ಬೆಳಿಗ್ಗೆ ಬೈಕನ್ನು ಬೀದಿ ತಿರುವಿನವರೆಗೆ ತಳ್ಳಿಕೊಂಡೇ ಹೋಗ್ತೀನಿ.

ಈಗ ಊರಿನ ಮಾತು. ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಮ್ಮ ಮಾತಿನ ಮಧ್ಯೆ "ತಡಿ, ಗಾಡಿ ಹೋಗ್ಲಿ" ಅಂತಾರೆ. ಹೋಗೋ ಗಾಡಿ ಅವರ ಮೊಮ್ಮಗನದ್ದೇ, ನಮ್ಮಣ್ಣನ ಮಗನದ್ದು. ಅಪ್ಪಯ್ಯನಿಗೆ ಬೈಪಾಸ್ ಆಗಿದೆ, ಮಾತ್ರೆ ತಗೊಂಡು ಒಂಬತ್ತಕ್ಕೇ ಮಲಗ್ತಾರೆ. ಹತ್ತೂವರೆಗೆ ಗಾಡಿ ಅಂಗಳಕ್ಕೆ ಬಂದಾಗ ಏಳ್ತಾರೆ. ಮೊಮ್ಮಗನಿಗೆ ಬೈಯೋ ಮನಸ್ಸಿಲ್ಲ, ಅದಕ್ಕೇ "ಬಾತ್‌ರೂಮಿಗೆ ಎದ್ದೆ" ಅಂತಾರೆ. ಅಮ್ಮ ನನಗೆ ಹೇಳಿದ್ದು ಇದು.

ಅವನಿಗೆ ಹೇಳಿದೆ. "ಅತ್ತೆ, ನಿಮ್ಮದೂ ಸದ್ದು ಮಾಡ್ತಿತ್ತಲ್ಲ" ಅಂದ. ಹೌದು ಪುಟ್ಟಾ, ಮಾಡ್ತಿತ್ತು. ಅದಕ್ಕೇ ಹೇಳ್ತಿರೋದು. ಸದ್ದಿನ ಖುಷಿ ಓಡಿಸೋ ಒಬ್ಬರಿಗೆ, ಬಾಧೆ ಇಡೀ ಬೀದಿಗೆ. ಹೆಚ್ಚು ಬಾಧೆ ಪಡೋರು ಬಾಯಿ ಬಿಟ್ಟು ಹೇಳಲ್ಲ: ಹಸುಗೂಸು, ಆಪರೇಷನ್ ಆದವರು, ಪ್ರೀತಿಯಿಂದ ಸುಮ್ಮನಿರೋ ಅಜ್ಜಂದಿರು. ಆದ್ದರಿಂದ ಯಾರಾದರೂ ದೂರು ಕೊಡಲಿ ಅಂತ ಕಾಯೋದು ಸರಿಯಲ್ಲ. ನಮ್ಮ ಗಾಡಿಯ ಸದ್ದು ನಾವೇ ಕೇಳಿಸಿಕೊಳ್ಳಬೇಕು.

"ಸದ್ದಿದ್ದರೆ ಲಾರಿಯವರಿಗೆ ಗೊತ್ತಾಗುತ್ತೆ, ಸೇಫ್" ಅಂತ ಇನ್ನೊಂದು ವಾದ. ಸೈಲೆನ್ಸರ್ ಬಾಯಿ ಹಿಂದಕ್ಕಿದೆ, ಎದುರಿಂದ ತಿರುಗೋ ಲಾರಿಯವನಿಗೆ ಮೊದಲು ಕಾಣಬೇಕಾದ್ದು ನಿನ್ನ ಲೈಟ್. 2017ರಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ಉರಿಯೋ ಹಾಗೆ ನಿಯಮ ಮಾಡಿದ್ದು ಅದಕ್ಕೇ. ಜೀವದ ಭಯ ಇದ್ದರೆ ಹೆಲ್ಮೆಟ್ ಬೆಲ್ಟ್ ಹಾಕು.

ಕಾನೂನೂ ಇದೆ. ಇಲ್ಲಿ ಮೂರು ವರ್ಷ ದಾಟಿದ ಬೈಕಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ, ಸದ್ದು ಅತಿಯಾದರೆ ಫೇಲ್. ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಇದೆ. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ 2000ದ ನಿಯಮ ಹೇಳುತ್ತೆ. ಆದರೆ ದಂಡಕ್ಕೆ ಹೆದರಿ ಬದಲಾಯಿಸಬೇಡಿ. ಪೊಲೀಸ್ ಇಲ್ಲದ ರಾತ್ರಿಯಲ್ಲೇ ಅಲ್ವಾ ಅಪ್ಪಯ್ಯ ಮಲಗಿರೋದು?

ಒಂದು ಎಚ್ಚರಿಕೆ. ನನ್ನ ಪೋಸ್ಟ್ ಓದಿ ಯಾರೂ ಕಂಪನಿ ಸೈಲೆನ್ಸರ್ ಕೊಯ್ಯೋಕೆ ಹೋಗಬೇಡಿ. ನಮ್ಮ ಕಡೆಯ ಹೆಚ್ಚಿನ ಗಾಡಿಗಳ ಸೈಲೆನ್ಸರಿನಲ್ಲಿ ಉಣ್ಣೆಗಿಂತ ತಗಡಿನ ಕೋಣೆಗಳೇ ಸದ್ದು ಇಳಿಸೋದು. ವೆಲ್ಡ್ ಮಾಡಿರ್ತಾರೆ, ತುಂಬೋಕೆ ಏನೂ ಇಲ್ಲ. ತುಕ್ಕು ಹಿಡಿದರೆ ಬದಲಾಯಿಸೋದೇ ದಾರಿ.

ಪುಟ್ಟಾ, ನಿನ್ನ ಕೆಲಸ ನನ್ನದಕ್ಕಿಂತ ಸುಲಭ. ನಿನ್ನ ಗಾಡಿಯ ಕಂಪನಿ ಸೈಲೆನ್ಸರ್ ಕೊಟ್ಟಿಗೆ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ ಅಂತ ಅಜ್ಜಿ ಹೇಳಿದ್ದಾರೆ. ಎರಡು ಸ್ಪ್ಯಾನರ್, ಅರ್ಧ ಗಂಟೆ ಸಾಕು. ಈ ಭಾನುವಾರ ಹಾಕು. ಅಜ್ಜನಿಗೆ ಏನೂ ಹೇಳಬೇಡ. ಸೋಮವಾರ ನಾನೇ ಫೋನ್ ಮಾಡಿ, ರಾತ್ರಿ ನಿದ್ದೆ ಹೇಗಿತ್ತು ಅಂತ ಕೇಳ್ತೀನಿ.